ಪರದೇಶದಲ್ಲೊಂದು ಹಗೇವು

ವಿಲಾಯತಿಗೆ ಹೋಗಿ ಬಂದವರನ್ನು ನಮ್ಮ ಕಡೆ ಜನ ಮೊದಲು ಕೇಳುವುದು, ರಾಣಿಯನ್ನು ನೋಡಿದಿರಾ ಎಂದು. ನಾನು ನೋಡಲಿಲ್ಲ. ಮತ್ತೇನು ನೋಡಿದಿರಿ ಎಂದು ಕೇಳುತ್ತಾರೆ. ಒಂದು ತಗ್ಗು ನೋಡಿದೆ, ಅದೂ ನಾನೇ ತೋಡಿಸಿದ ತಗ್ಗು ಎನ್ನುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ಆಗಲಿ ಬಿಡಿ. ಕೂತು ಕೇಳುವ ವ್ಯವಧಾನವಿದ್ದರೆ, ಆ ತಗ್ಗಿನಷ್ಟು ಚೆಂದದ್ದು ಆ ದೇಶದಲ್ಲೇ ಇರಲಿಲ್ಲ ಎಂದು ನಿಮ್ಮನ್ನು ಒಪ್ಪಿಸುವ ಜವಾಬ್ದಾರಿ ನನ್ನದು.

ಬಬಲೇಶ್ವರ

ನಾನು ವಿಜಾಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪನಿಗೆ ಬಬಲೇಶ್ವರದಲ್ಲಿ ಹೊಲ, ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಕಾಳಿನ ಅಂಗಡಿ. ಊರಿನ ಮನೆಯ ಮುಂದೆ ನಮ್ಮ ಹಗೇವು. ಹಗೇವು ಗೊತ್ತಿಲ್ಲದವರಿಗೆ ಹೇಳಬೇಕು. ಗಟ್ಟಿ ನೆಲದಲ್ಲಿ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು ಆಗುವಂತೆ ಆಳದ ತಗ್ಗು ತೋಡುತ್ತಾರೆ. ಒಳಗೆ ಬೆಂಕಿ ಹಾಕಿ ಗೋಡೆ ಒಣಗಿಸಿ, ಸುತ್ತ ಜೋಳದ ದಂಟಿನ ಕಣಿಕೆ, ಹೊಟ್ಟು ಒತ್ತಿ, ಜೋಳ ಸುರಿಯುತ್ತಾರೆ. ಬಾಯಿಗೆ ಹಾಸುಗಲ್ಲು ಇಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಆ ಕಾಳನ್ನು ಹುಳ ಮುಟ್ಟುವುದಿಲ್ಲ.

ತೆಗೆಯುವಾಗ ಮಾತ್ರ ಜೋಪಾನ ಬೇಕು. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುತ್ತಾರೆ. ಕಂದೀಲು ಆರಿದರೆ ಯಾರೂ ಇಳಿಯುವಂತಿಲ್ಲ, ಉರಿಯುತ್ತಿದ್ದರೆ ಇಳಿಯಬಹುದು. ಕಂದೀಲು ಬಿಡುವುದು ಮನೆಯ ಯಜಮಾನನ ಕೆಲಸ. ಇಳಿಯುವವನ ಜೀವ ಅವನ ಕೈಯಲ್ಲಿರುತ್ತದೆ. ನಾನು ಇನ್ನೂ ಶಾಲೆಗೆ ಹೋಗುತ್ತಿದ್ದಾಗ ನಮ್ಮ ಸಣ್ಣ ಕಾಕಾ, ಅಪ್ಪ ಬರುವವರೆಗೆ ಕಾಯದೆ, ಕಂದೀಲು ಬಿಡದೆ ಇಳಿದುಬಿಟ್ಟ. ಅವನು ಮೇಲೆ ಬರಲಿಲ್ಲ. ಹಗೇವಿನ ದೆವ್ವ ಹಿಡಿಯಿತು ಎಂದು ಊರೆಲ್ಲ ಹೇಳಿತು. ವಿಜ್ಞಾನದ ಮಾಸ್ತರರೊಬ್ಬರೇ ನನ್ನನ್ನು ಕರೆದು ಹೇಳಿದರು: “ದೆವ್ವ ಅಲ್ಲ ತಂಗಿ, ಅದು ಇಂಗಾಲಾಮ್ಲ ವಾಯು. ಕಾಳು ಸುದ್ದಾ ಉಸಿರಾಡ್ತಾವ. ಮುಚ್ಚಿದ ತಗ್ಗಿನ್ಯಾಗ ಆ ಉಸಿರು ತುಂಬಿಕೊಂಡು ಕುಂತಿರ್ತೈತಿ. ಹುಳಾ ಸಾಯೂದು ಅದರಿಂದನ, ನಿಮ್ಮ ಕಾಕಾ ಹೋಗಿದ್ದೂ ಅದರಿಂದನ.” ಕಾಕಾ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿಸುತ್ತಿದ್ದವನು. ಅಂದಿನಿಂದ ನನಗೆ ಆ ಉಸಿರಿನ ಮೇಲೆ ಸಿಟ್ಟು, ಕುತೂಹಲ ಎರಡೂ ಹತ್ತಿಕೊಂಡವು.

ಹಗೇವಿನ ಗಾಳಿಯ ಮೇಲೆ ಸಂಶೋಧನೆ ಮಾಡಲು ವಿಲಾಯತಿಯ ವಿಶ್ವವಿದ್ಯಾಲಯವೊಂದು ಕರೆದಾಗ ಮನೆಯಲ್ಲಿ ದೊಡ್ಡ ರಂಪವಾಯಿತು.

“ಹಗೇವು ಇರೂದು ಬಬಲೇಶ್ವರದಾಗ. ಅದನ್ನ ಕಲಿಯಾಕ ಇಕಿ ವಿಲಾಯತಿಗೆ ಹೊಂಟಾಳ!” ಎಂದು ಅಪ್ಪ ಪಡಸಾಲೆಯಲ್ಲಿ ಕೂತವರಿಗೆಲ್ಲ ಹೇಳಿ ನಕ್ಕ.

“ಕಲಿಯಾಕ ಅಲ್ಲ ಯಪ್ಪಾ, ಕಲಿಸಾಕ,” ಎಂದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದೇ ಸಿಟ್ಟಿನಲ್ಲಿ ಇನ್ನೊಂದು ಮಾತೂ ಬಾಯಿಂದ ಬಂತು. “ನಾ ತಿರುಗಿ ಬಂದ ಮ್ಯಾಲ ನಮ್ಮ ಹಗೇವಿಗೆ ಕಂದೀಲು ನಾ ಬಿಡ್ತೀನಿ.”

ನಮ್ಮ ಮನೆಯಲ್ಲಿ ಹೆಂಗಸರು ಹಗೇವಿನ ಜೋಳ ಹಸನು ಮಾಡುತ್ತಿದ್ದರು, ಬೀಸುತ್ತಿದ್ದರು, ರೊಟ್ಟಿ ಬಡಿಯುತ್ತಿದ್ದರು. ತೆಗೆಯುವ ದಿನ ಮಾತ್ರ ದೂರ ನಿಂತು ನೋಡಬೇಕಾಗಿತ್ತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ನನ್ನನ್ನೇ ನೋಡಿದ.

“ಅಲ್ಲಿ ದಿನಾ ಮಳಿ ಅಂತ. ಆ ಮಳ್ಯಾಗ ಒಂದು ಹಗೇವು ಹಾಕಿ ಕಾಳು ಉಳಿಸಿ ತೋರ್ಸು. ಕಂದೀಲಿನ ಮಾತು ಆಮ್ಯಾಲ.”

“ಆತು,” ಎಂದೆ. ಹೇಗೆ ಎಂದು ನನಗೆ ಏನೂ ಗೊತ್ತಿರಲಿಲ್ಲ.

ಸ್ಟೇಷನ್ ರಸ್ತೆ

ಹೊರಡುವ ದಿನ ಅಪ್ಪನ ಅಂಗಡಿಯ ಮುಂದೆ ಅರ್ಧ ಸ್ಟೇಷನ್ ರಸ್ತೆ ನೆರೆದಿತ್ತು. ಒಣಗಿಸಿದ ಕಟಕ ರೊಟ್ಟಿಯ ಗಂಟು, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿಯ ಡಬ್ಬಿ, ಸಿಹಿ ಸಜ್ಜಿ ಮಾಡಲಿಕ್ಕೆ ರವೆ, ಒಂದೊಂದೇ ನನ್ನ ಪೆಟ್ಟಿಗೆ ಸೇರಿದವು. ತಿಕೋಟಾದಿಂದ ಸೋದರತ್ತೆ ಬಂದಿದ್ದಳು. ಅವಳ ಕೈಯಲ್ಲಿ ಬಿಳಿ ಜೋಳದ ಚೀಲ.

“ನಮ್ಮ ತಿಕೋಟಾದ ಜ್ವಾಳ ಬೇ ಇದು. ನಿನ್ನ ಹಗೇವಿಗೆ ಇದನ್ನ ಹಾಕು. ಬಬಲೇಶ್ವರದ ಜ್ವಾಳಕ್ಕ ಈ ತೂಕ ಎಲ್ಲಿಂದ ಬರ್ಬೇಕು?” ಎಂದಳು, ಅಪ್ಪನಿಗೆ ಕೇಳುವಂತೆ. ಅಣ್ಣ ತಂಗಿಯ ಈ ಜಗಳ ನಾನು ಹುಟ್ಟುವ ಮೊದಲಿನದು. ಅಪ್ಪ ಚೀಲಕ್ಕೆ ಕೈ ಹಾಕಿ, ಒಂದು ಕಾಳು ಕಡಿದು ನೋಡಿ, ಏನೂ ಅನ್ನದೆ ಚೀಲದ ಬಾಯಿ ಕಟ್ಟಿದ. ಅಂದರೆ ಒಪ್ಪಿಗೆ ಎಂದರ್ಥ.

ರೈಲು ಬಿಟ್ಟಾಗ ಗೋಳಗುಮ್ಮಟ ಬಹಳ ಹೊತ್ತು ಕಿಟಕಿಯಲ್ಲಿತ್ತು. ಅದು ಮರೆಯಾದ ಮೇಲೆ ಚೆನ್ನಾಗಿ ಅತ್ತೆ.

ಹಡಗು

ಮುಂಬಯಿಯಿಂದ ಹಡಗು. ಸಮುದ್ರದ ಬಗ್ಗೆ ಬರೆಯುವಷ್ಟು ನಾನು ಅದನ್ನು ನೋಡಲಿಲ್ಲ. ಮೊದಲ ಕೆಲವು ದಿನ ನಾನು ನೋಡಿದ್ದೆಲ್ಲ ಒಂದು ತಗಡಿನ ಬೋಗುಣಿ. ಎದ್ದು ಕೂತ ಮೇಲೆ ಊಟದ ಮೇಜಿಗೆ ಹೋದೆ. ಎದುರಿಗೆ ಒಬ್ಬ ವಯಸ್ಸಾದ ದೊರೆಸಾನಿ. ನಾನು ಶೇಂಗಾ ಹಿಂಡಿಯ ಡಬ್ಬಿ ಬಿಚ್ಚಿದಾಗ ಆಕೆ ಬಹಳ ಮರ್ಯಾದೆಯಿಂದ ಸ್ವಲ್ಪ ಕೇಳಿದಳು. ಕೊಟ್ಟೆ. ಆಕೆ ಅದನ್ನು ತನ್ನ ಹಾಲಿನ ಗಂಜಿಯ ಮೇಲೆ ಸಕ್ಕರೆಯಂತೆ ಉದುರಿಸಿಕೊಂಡಳು. ನಾನು ಬೇಡ ಎನ್ನುವಷ್ಟರಲ್ಲಿ ಚಮಚ ಬಾಯಿಗೆ ಹೋಗಿತ್ತು. ಮುಖ ಟೊಮೆಟೊ ಆಯಿತು, ಕಣ್ಣಲ್ಲಿ ನೀರು ಬಂತು. ಆದರೂ ‘ಬಹಳ ಚೆನ್ನಾಗಿದೆ’ ಎಂದು ಇಡೀ ಬಟ್ಟಲು ಮುಗಿಸಿದಳು. ಆ ಜನರ ಹಟ ಎಂಥದ್ದೆಂದು ನನಗೆ ಅಲ್ಲೇ ತಿಳಿಯಿತು.

ಬಂದರು

ಬಂದರಿನಲ್ಲಿ ಅಧಿಕಾರಿ ನನ್ನ ಪೆಟ್ಟಿಗೆ ಬಿಚ್ಚಿಸಿದ. ಜೋಳದ ಚೀಲದ ಮೇಲೆ ಕೈ ಇಟ್ಟು, ಇದು ಬೀಜ, ದೇಶದೊಳಗೆ ಬಿಡುವಂತಿಲ್ಲ ಎಂದ. ಸಂಶೋಧನೆಗೆ ಎಂದೆ. ಕ್ಷಮಿಸಿ ಎಂದ. ನನ್ನ ಸೋದರತ್ತೆ ಕೊಟ್ಟದ್ದು ಎಂದೆ. ಬಹಳ ಕ್ಷಮಿಸಿ ಎಂದ. ನಮ್ಮ ಕಡೆ ಆಗಿದ್ದರೆ ಅವನೂ ಬೈಯುತ್ತಿದ್ದ, ನಾನೂ ಬೈಯುತ್ತಿದ್ದೆ, ಕೊನೆಗೆ ಯಾರೋ ಹಿರಿಯರು ನಡುವೆ ಬಂದು ಅರ್ಧ ಚೀಲವಾದರೂ ಉಳಿಯುತ್ತಿತ್ತು. ಇಲ್ಲಿ ಜಗಳಕ್ಕೆ ಹಿಡಿಯಲು ತುದಿಯೇ ಸಿಗಲಿಲ್ಲ. ಅವನು ಕ್ಷಮೆ ಕೇಳುತ್ತಲೇ ಚೀಲ ಒಯ್ದ. ಬರಿಗೈಯಲ್ಲಿ ಆ ದೇಶಕ್ಕೆ ಕಾಲಿಟ್ಟೆ.

ಎಡಿತ್ ಬಾಯಿಯ ಮನೆ

ವಿಶ್ವವಿದ್ಯಾಲಯ ಇದ್ದದ್ದು ಆ ದೇಶದ ಉತ್ತರದ ಒಂದು ಊರಲ್ಲಿ. ನಾನು ಬಾಡಿಗೆಗೆ ಇದ್ದ ಮನೆಯ ಯಜಮಾನಿ ಎಡಿತ್. ನಾನು ಅವಳನ್ನು ನಮ್ಮ ಕಡೆಯ ರೂಢಿಯಂತೆ ಎಡಿತ್ ಬಾಯಿ ಎಂದೇ ಕರೆದೆ, ಅವಳಿಗೂ ಅದು ಹಿಡಿಸಿತು. ಆ ಊರಿನವರ ಇಂಗ್ಲಿಷು ಪುಸ್ತಕದ ಇಂಗ್ಲಿಷಲ್ಲ. ಅರ್ಧ ಅಕ್ಷರ ನುಂಗುತ್ತಾರೆ, ಬಾಯಿ ತುಂಬ ಮಾತಾಡುತ್ತಾರೆ, ದಕ್ಷಿಣದವರು ಅವರ ಮಾತು ಕೇಳಿ ನಗುತ್ತಾರೆ. ನಮ್ಮ ಕಥೆಯೂ ಅದೇ ಆದ್ದರಿಂದ ನನಗೆ ಅವರು ಬಹುಬೇಗ ತಿಳಿದರು. ಅವರ ಮಾತನ್ನು ನಾನು ವಿಜಾಪುರದ ಮಾತಿನಲ್ಲೇ ಬರೆಯುತ್ತೇನೆ. ಬೇರೆ ಹೇಗೆ ಬರೆದರೂ ಸುಳ್ಳಾಗುತ್ತದೆ.

ಜೋಳ ಹೋಯಿತೆಂದು ನಾನು ಊಟ ಬಿಟ್ಟು ಕೂತಿದ್ದೆ. ಜೋಳ ಹೇಗಿರುತ್ತದೆ ಎಂದು ಎಡಿತ್ ಬಾಯಿ ಕೇಳಿದಳು. ಪೆಟ್ಟಿಗೆಯ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಒಂದೇ ಒಂದು ಕಾಳು ತೋರಿಸಿದೆ.

“ಇದಾ? ಇದನ್ನ ನಮ್ಮ ಯಜಮಾನ್ರು ದಿನಾ ಪಾರಿವಾಳಕ್ಕ ಹಾಕ್ತಾರಲ್ಲ!” ಎಂದಳು.

ನನಗೆ ಸಿಟ್ಟು ಬರಬೇಕೋ ಸಂತೋಷವಾಗಬೇಕೋ ತಿಳಿಯಲಿಲ್ಲ. ಆ ಊರಲ್ಲಿ ಪಾರಿವಾಳದ ಪಂದ್ಯದ ಹುಚ್ಚು ಬಹಳ. ಅವಕ್ಕೆ ಬೇಕಾದ ಕಾಳು ಹಡಗಿನಲ್ಲಿ ಬರುತ್ತದಂತೆ. ನನ್ನ ಚೀಲ ಹಿಡಿದರು, ಪಾರಿವಾಳದ ಚೀಲಗಳನ್ನು ಬಿಟ್ಟರು. ಮರುದಿನ ಎಡಿತ್ ಬಾಯಿಯ ಜೊತೆ ಅಂಗಡಿಗೆ ಹೋದೆ. ಚೀಲಗಟ್ಟಲೆ ಬಿಳಿ ಜೋಳ! ತಿಕೋಟಾದ ಜೋಳದ ಮುಂದೆ ಬಡಕಲು, ಆದರೂ ಜೋಳವೇ.

“ಎಷ್ಟು ಪಾರಿವಾಳ ಅದಾವ್ರಿ ನಿಮ್ಮ ಕಡೆ?” ಎಂದು ಅಂಗಡಿಯವನು ಕೇಳಿದ.

“ಒಂದೂ ಇಲ್ಲ. ಇದು ನಾವು ತಿನ್ನೂ ಅನ್ನ,” ಎಂದೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

ಹನ್ನೊಂದರ ಚಹಾ

ಆ ವಿಶ್ವವಿದ್ಯಾಲಯದಲ್ಲಿ ಹನ್ನೊಂದು ಗಂಟೆಗೆ ಎಲ್ಲ ವಿಭಾಗದವರೂ ಒಂದೇ ಕೋಣೆಗೆ ಚಹಾಕ್ಕೆ ಬರುವ ಪದ್ಧತಿ. ಅಲ್ಲಿ ಯಾರೂ ನಿಮ್ಮ ಊರು ಯಾವುದು, ಮದುವೆಯಾಯಿತೇ ಎಂದು ಕೇಳುವುದಿಲ್ಲ. ‘ನೀವು ಯಾವುದರ ಮೇಲೆ ಕೆಲಸ ಮಾಡುತ್ತೀರಿ?’ ಇದೊಂದೇ ಪ್ರಶ್ನೆ. ಉತ್ತರಗಳನ್ನು ಕೇಳಿ ನನಗೆ ಮೊದಮೊದಲು ತಲೆ ತಿರುಗಿತು. ಒಬ್ಬರು ಗೋರಿಕಲ್ಲಿನ ಮೇಲಿನ ಪಾಚಿ ಅಳೆಯುತ್ತಿದ್ದರು. ಇನ್ನೊಬ್ಬರು ಚರ್ಚಿನ ಗಂಟೆಯ ನಾದ ಯಾಕೆ ಸೀಳುತ್ತದೆ ಎಂದು ನೋಡುತ್ತಿದ್ದರು. ಕನ್ನಡಕ ಇಲ್ಲದೆ ಏನೂ ಕಾಣದ ಒಬ್ಬ ಮುದುಕರು ಕುಂಬಾರರ ಭಟ್ಟಿಯ ಬಿಸಿಯ ಮೇಲೆ ಬದುಕು ಕಳೆದಿದ್ದರು. ಮಾರ್ಗರೆಟ್ ಎಂಬವಳು ಸಮಾಜಶಾಸ್ತ್ರದವಳು, ಜನ ಬಸ್ಸಿಗೆ ಸಾಲು ಹಚ್ಚಿ ಯಾಕೆ ನಿಲ್ಲುತ್ತಾರೆ ಎಂಬುದು ಅವಳ ಸಂಶೋಧನೆ. ನಮ್ಮ ಬಸ್ ಸ್ಟ್ಯಾಂಡಿಗೆ ಬಾ, ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೂ ಒಂದು ಪದವಿ ಸಿಗುತ್ತದೆ ಎಂದೆ. ಅವಳು ಅದನ್ನು ನಿಜವೆಂದೇ ತಿಳಿದು ಬಹಳ ಹೊತ್ತು ಯೋಚಿಸಿದಳು.

ನನ್ನ ಮಾರ್ಗದರ್ಶಕ ಪ್ರೊಫೆಸರರು ಉದ್ದನೆಯ, ಒಣ ಮನುಷ್ಯ. ಎಲ್ಲಿಗೆ ಹೋದರೂ ಕೈಯಲ್ಲಿ ಕಪ್ಪು ಕೊಡೆ. ನಾನು ಹಗೇವು ಹಾಕುತ್ತೇನೆ ಎಂದಾಗ ಅವರು ಕಿಟಕಿಯ ಹೊರಗೆ ಸುರಿಯುತ್ತಿದ್ದ ಮಳೆ ತೋರಿಸಿದರು.

“ಈ ನೆಲದಲ್ಲಿ ಕಾಳು ಹೂತರೆ ಕೊಳೆಯುತ್ತದೆ. ಒಂದು ಚಳಿಗಾಲ ಕೊಡುತ್ತೇನೆ. ಬೇಸಿಗೆಗೆ ತೆಗೆದು ನೋಡೋಣ. ಕೊಳೆತಿದ್ದರೆ ಹಗೇವಿನ ಕೆಲಸ ಅಲ್ಲಿಗೆ ಮುಗಿಯಿತು. ಉಳಿದ ಅವಧಿಯಲ್ಲಿ ನೀವು ತಗಡಿನ ಪೀಪಾಯಿಯಲ್ಲಿ ಬಾರ್ಲಿ ಇಡುವುದರ ಮೇಲೆ ಕೆಲಸ ಮಾಡಬೇಕು.”

ಅಪ್ಪನ ಷರತ್ತೂ ಅದೇ, ಇವರ ಷರತ್ತೂ ಅದೇ. ತಗಡಿನ ಪೀಪಾಯಿಯ ಬಾರ್ಲಿ ಕಟ್ಟಿಕೊಂಡು ಬಬಲೇಶ್ವರಕ್ಕೆ ಹೇಗೆ ಹೋಗಲಿ? ನನ್ನ ಚಹಾ ಆರಿಹೋಯಿತು.

ಆಗ ಮೂಲೆಯಲ್ಲಿ ಕೂತಿದ್ದ ಟಾಮ್ ಎದ್ದು ಬಂದ. ಅವನು ಹಳೆಯ ಕಾಲದ ಜನ ಬಿಟ್ಟುಹೋದದ್ದನ್ನು ನೆಲದಿಂದ ಅಗೆದು ತೆಗೆಯುವ ವಿಭಾಗದವನು. ಬೂಟಿಗೆ ಸದಾ ಕೆಸರು. “ನೀವು ಹೇಳಿದ ತಗ್ಗಿನ ಆಕಾರ ಇನ್ನೊಮ್ಮೆ ಹೇಳಿ,” ಎಂದ. ಕೈಯಿಂದ ಗಾಳಿಯಲ್ಲಿ ಬರೆದು ತೋರಿಸಿದೆ. ಅವನು ಚಹಾದ ಕಪ್ಪು ಕೆಳಗಿಟ್ಟು, ಈಗಲೇ ನಡೆಯಿರಿ ಎಂದ.

ಊರ ಹೊರಗೆ ಸುಣ್ಣಗಲ್ಲಿನ ದಿಬ್ಬ. ಅದರ ಮೇಲೆ ಅವನು ಅಗೆದು ತೆಗೆದ, ಸಾವಿರಾರು ವರ್ಷ ಹಳೆಯ ದುಂಡು ತಗ್ಗುಗಳು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಂದರ ಅಂಚಿನಲ್ಲಿ ಕೂತು ಒಳಗೆ ನೋಡಿದೆ.

“ಇದು ಹಗೇವು!” ಎಂದು ಕನ್ನಡದಲ್ಲೇ ಕೂಗಿದೆ.

ಅವನ ಪುಸ್ತಕಗಳಲ್ಲೂ ಇವು ಕಾಳಿನ ತಗ್ಗು ಇರಬಹುದೆಂದು ಇದೆಯಂತೆ. ಆದರೆ ಅವನ ಜೊತೆಯವರು ನಂಬುತ್ತಿರಲಿಲ್ಲ. ಈ ಮಳೆಯಲ್ಲಿ ಕಾಳು ಉಳಿಯುವುದು ಸಾಧ್ಯವೇ ಇಲ್ಲ, ಕಸದ ಗುಂಡಿಯೇ ಇರಬೇಕು ಎನ್ನುತ್ತಿದ್ದರು. ಈ ದಿಬ್ಬದಲ್ಲಿ ನೀರು ನಿಲ್ಲುವುದಿಲ್ಲ, ಸೋಸಿಹೋಗುತ್ತದೆ, ನಿಮ್ಮ ಹಗೇವು ಇಲ್ಲೇ ಹಾಕಿ ಎಂದ ಟಾಮ್. ಆ ಕ್ಷಣದಲ್ಲಿ ನನಗೆ ಆ ದಿಬ್ಬದ ಮೇಲೆ ನೆಂಟರು ಸಿಕ್ಕಷ್ಟು ಸಂತೋಷವಾಯಿತು. ನನ್ನ ದೇಶದಲ್ಲಿ ಇನ್ನೂ ಜೀವಂತ ಇರುವುದನ್ನು ಇವರು ತಮ್ಮ ದೇಶದಲ್ಲಿ ಮಣ್ಣಿನಿಂದ ಅಗೆದು ತೆಗೆಯುತ್ತಿದ್ದರು.

ಬೆಂಕಿ ಹಚ್ಚಿದ ದಿನ

ಟಾಮ್‌ನ ಜೊತೆಯ ಅಗೆಯುವವರು ಹೊಸ ತಗ್ಗು ತೋಡಿಕೊಟ್ಟರು. ಭಟ್ಟಿಯ ಮುದುಕರು ಬೆಂಕಿ ನಿಧಾನ ಏರಬೇಕು, ಒಮ್ಮೆಲೇ ಏರಿದರೆ ಗೋಡೆ ಸಿಡಿಯುತ್ತದೆ ಎಂದು ಹೇಳಿಕೊಟ್ಟರು. ನಾನು ಸೀರೆಯ ಮೇಲೆ ಎಡಿತ್ ಬಾಯಿಯ ಗಂಡನ ಹಳೆಯ ಕೋಟು ಹಾಕಿಕೊಂಡು, ಊರಲ್ಲಿ ಮಾಡುವಂತೆಯೇ ತಗ್ಗಿನಲ್ಲಿ ಕಟ್ಟಿಗೆ, ಹುಲ್ಲು ತುಂಬಿ ಬೆಂಕಿ ಹಚ್ಚಿದೆ. ನಮ್ಮಲ್ಲಿ ಹಗೇವಿನ ಹೊಗೆ ಎದ್ದರೆ ಊರಿಗೆ ಸುದ್ದಿ. ಯಾರ ಮನೆಯಲ್ಲಿ ಈ ಸಲ ಸುಗ್ಗಿ ಚೆನ್ನಾಗಿದೆ ಎಂದು ಜನ ಹೊಗೆ ನೋಡಿಯೇ ಹೇಳುತ್ತಾರೆ. ಆ ದೇಶದಲ್ಲಿ ಹೊಗೆ ಎದ್ದರೆ ಟೆಲಿಫೋನ್ ಮಾಡುತ್ತಾರೆ.

ಗಂಟೆ ಬಾರಿಸುತ್ತ ಕೆಂಪು ಬಂಡಿ ದಿಬ್ಬ ಹತ್ತಿ ಬಂತು. ಹಿತ್ತಾಳೆಯ ಟೋಪಿಯವರು ಇಳಿದರು. ನಾನು ‘ನಿಲ್ಲಿ, ನಿಲ್ಲಿ’ ಎಂದು ಓಡಿದೆ. ಹೆಂಗಸು ಗಾಬರಿಯಾಗಿದ್ದಾಳೆ ಎಂದು ತಿಳಿದು ಒಬ್ಬ ನನ್ನನ್ನು ಎತ್ತಿ ದೂರ ನಿಲ್ಲಿಸಿದ. ಉಳಿದವರು ಕೊಳವೆ ಹಿಡಿದು ನನ್ನ ಹಗೇವಿನ ತುಂಬ ನೀರು ಬಿಟ್ಟರು.

“ಎಂಥಾ ಹುಚ್ಚರೋ ನೀವು! ಹಗೇವಿಗೆ ನೀರು ಹಾಕ್ತೀರೇನ್ರೋ! ನಿಮ್ಮ ಅವ್ವ ಅಪ್ಪ ಅನ್ನ ಉಣ್ಣೂದಿಲ್ಲೇನು?” ನಾನು ಬೈದದ್ದೆಲ್ಲ ಕನ್ನಡದಲ್ಲಿ. ಭಾಷೆ ತಿಳಿಯದಿದ್ದರೂ ತಾವು ದೊಡ್ಡ ತಪ್ಪು ಮಾಡಿದ್ದೇವೆಂದು ಅವರಿಗೆ ತಿಳಿಯಿತು. ಒಬ್ಬೊಬ್ಬರಾಗಿ ಟೋಪಿ ತೆಗೆದರು. ಎಡಿತ್ ಬಾಯಿ ಅವರನ್ನು ಸಾಲಾಗಿ ನಿಲ್ಲಿಸಿ ಹಗೇವು ಎಂದರೇನೆಂದು ವಿವರಿಸಿದಳು. ನಾನು ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತೆ.

ಮರುದಿನ ಬೆಳಿಗ್ಗೆ ಅದೇ ಬಂಡಿ ಮತ್ತೆ ಬಂತು, ಈ ಸಲ ಗಂಟೆ ಇಲ್ಲದೆ. ಮುಖ್ಯಸ್ಥ ಇಳಿದು ಬಂದು ತಲೆ ತಗ್ಗಿಸಿ ನಿಂತ.

“ತಪ್ಪಾತ್ರಿ ಬಾಯಾರ. ಇಡೀ ಊರು ನಮ್ಮನ್ನ ನೋಡಿ ನಗಾಕತ್ತೈತಿ. ನಾವ ಒಣಗಿಸಿ ಕೊಡ್ತೀವಿ.”

ಪಂಪು ಹಚ್ಚಿ ಉಳಿದ ನೀರು ತೆಗೆದರು. ಒದ್ದೆ ಬೂದಿಯನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಹಾಕಿದರು. ಆಮೇಲೆ ಬೆಂಕಿ ಆರಿಸುವ ಆ ಜನವೇ ಹಗೇವಿಗೆ ಬೆಂಕಿ ಹಚ್ಚಿ, ಭಟ್ಟಿಯ ಮುದುಕರು ಹೇಳಿದಂತೆ ನಿಧಾನವಾಗಿ ಏರಿಸಿ, ಸಂಜೆಯವರೆಗೆ ಕಾವಲು ಕೂತರು. ಬಾಯಿಯೊಳಗೆ ಕೈ ಇಳಿಬಿಟ್ಟು ಗೋಡೆ ಮುಟ್ಟಿ ನೋಡಿದೆ. ನಮ್ಮ ಮನೆಯ ಒಲೆಯ ಹಿಂದಿನ ಗೋಡೆಯಷ್ಟೇ ಬೆಚ್ಚಗಿತ್ತು. ನನಗೆ ಆ ಊರಿನ ಮೇಲೆ ಇದ್ದ ಸಿಟ್ಟೆಲ್ಲ ಇಳಿಯಿತು.

ಸೆಗಣಿ ಮತ್ತು ಸಾಲು

ಪಾರಿವಾಳದ ಜೋಳ ಅರ್ಧ ತಗ್ಗಿನಷ್ಟು ತುಂಬಿ, ಹಾಸುಗಲ್ಲು ಇಟ್ಟು, ಬಾಯಿ ಮುಚ್ಚಿದ್ದಾಯಿತು. ಒಳಗಿನ ಗಾಳಿ ಎಳೆದು ನೋಡಲು ಒಂದು ತಾಮ್ರದ ಕೊಳವೆ ಇಳಿಸಿದ್ದೆ. ಮೆತ್ತಿದ ಮಣ್ಣಿನ ಮೇಲೆ ಸೆಗಣಿ ಸಾರಿಸದೆ ಬಿಟ್ಟರೆ ಬಿರುಕು ಬಿಡುತ್ತದೆ. ಸೆಗಣಿ ಬೇಕೆಂದಾಗ ಪ್ರೊಫೆಸರರು ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡರು, ಅಷ್ಟೇ. ಕೊನೆಗೆ ಒಬ್ಬ ಗೌಳಿಗನ ಕೊಟ್ಟಿಗೆಯಿಂದ ನಾನೇ ಬಕೆಟ್ ತುಂಬಿಕೊಂಡು ಬಸ್ಸಿನ ಸಾಲಿನಲ್ಲಿ ನಿಂತೆ. ಎದುರು ಬದಿಯಲ್ಲಿ ಮಾರ್ಗರೆಟ್ ತನ್ನ ಅಳತೆಗೆ ನಿಂತಿದ್ದಳು. ನೋಡನೋಡುತ್ತಿದ್ದಂತೆ ನನ್ನ ಹಿಂದಿದ್ದವರು ಹಿಂದೆ ಸರಿದರು, ಮುಂದಿದ್ದವರು ಮುಂದೆ ಸರಿದರು. ಆದರೆ ಒಬ್ಬರೂ ತಮ್ಮ ಸರದಿ ಬಿಡಲಿಲ್ಲ, ಒಬ್ಬರೂ ಏನೂ ಅನ್ನಲಿಲ್ಲ. ಅವಳ ಇಡೀ ವರ್ಷದ ಕೆಲಸದಲ್ಲಿ ಇಂಥ ಸಾಲು ಸಿಕ್ಕಿರಲಿಲ್ಲವಂತೆ. ಬಸ್ಸಿನಲ್ಲಿ ನನಗೆ ಎರಡು ಸೀಟು ಸಿಕ್ಕವು.

ಚಳಿಗಾಲ ಬಂತು. ದಿಬ್ಬ ಬೆಳ್ಳಗಾಯಿತು. ನಾನು ಬೂಟಿನಲ್ಲಿ ಪತ್ರಿಕೆಯ ಕಾಗದ ತುರುಕಿಕೊಂಡು ಹೋಗಿ ಕೊಳವೆಯಿಂದ ಗಾಳಿ ತರುತ್ತಿದ್ದೆ. ಇಂಗಾಲಾಮ್ಲ ವಾಯು ಏರುತ್ತ ಹೋಯಿತು, ಅಂದರೆ ಮುಚ್ಚಳ ಭದ್ರವಾಗಿತ್ತು. ಕಾಳು ಹೇಗಿದೆ ಎಂದು ಮಾತ್ರ ಗಾಳಿ ಹೇಳುತ್ತಿರಲಿಲ್ಲ. ಕೊಳೆಯುವ ಕಾಳೂ ಅದೇ ಉಸಿರು ಬಿಡುತ್ತದೆ. ಹಿಮ ಕರಗಿ ನೀರು ಹರಿದಾಗ ದಿನಾ ದಿಬ್ಬ ಹತ್ತಿ ಮುಚ್ಚಳದ ಮಣ್ಣು ಮುಟ್ಟಿ ನೋಡಿದೆ. ಪ್ರೊಫೆಸರರು ಪೀಪಾಯಿಯ ಬಾರ್ಲಿಯ ಬಗ್ಗೆ ಓದಲು ಪುಸ್ತಕಗಳನ್ನು ನನ್ನ ಮೇಜಿನ ಮೇಲೆ ಇಡಲು ಶುರುಮಾಡಿದರು. ನಾನು ಅವುಗಳ ಮೇಲೆ ಶೇಂಗಾ ಹಿಂಡಿಯ ಡಬ್ಬಿ ಇಟ್ಟೆ.

ಬಾಯಿ ತೆಗೆದ ದಿನ

ಹಗೇವು ತೆಗೆಯುವ ದಿನ ಚಹಾದ ಕೋಣೆಯೇ ಎದ್ದು ದಿಬ್ಬಕ್ಕೆ ಬಂದಿತ್ತು. ಪಾಚಿಯವರು, ಗಂಟೆಯವರು, ಭಟ್ಟಿಯ ಮುದುಕರು, ಹಿತ್ತಾಳೆ ಟೋಪಿಯವರು, ಪಾರಿವಾಳದ ಅಂಗಡಿಯವನು. ಹೇಳದಿದ್ದರೂ ಎಲ್ಲರೂ ಸಾಲಾಗಿಯೇ ನಿಂತರು. ನನಗೆ ತೆಂಗಿನಕಾಯಿ ಎಲ್ಲಿ ಸಿಗಬೇಕು? ಎಡಿತ್ ಬಾಯಿ ಒಂದು ಸೇಬು ಕೊಟ್ಟಳು. ಅದನ್ನೇ ಕಲ್ಲಿನ ಮುಂದೆ ಇಟ್ಟು ಕೈಮುಗಿದೆ.

ಹಾಸುಗಲ್ಲು ಸರಿಯಿತು. ಎಲ್ಲರೂ ಬಗ್ಗಿ ನೋಡುತ್ತಿರುವಾಗ ಟಾಮ್‌ನಿಗೆ ತಡೆಯಲಾಗಲಿಲ್ಲ. ಏಣಿ ಇಳಿಬಿಟ್ಟು ಅದರ ಮೇಲೆ ಕಾಲಿಟ್ಟ.

“ಏ ಇಳೀಬ್ಯಾಡ!” ಎಂದು ಚೀರಿ ಅವನ ಕೋಟಿನ ಕಾಲರು ಹಿಡಿದು ಹಿಂದಕ್ಕೆ ಎಳೆದೆ. ಇಬ್ಬರೂ ಹುಲ್ಲಿನ ಮೇಲೆ ಬಿದ್ದೆವು. ಅವನು ನಗುತ್ತಿದ್ದ. ನಾನು ಇನ್ನೂ ಕಾಲರು ಬಿಟ್ಟಿರಲಿಲ್ಲ. ಎದ್ದು ಕಂದೀಲಿಗೆ ಹಗ್ಗ ಕಟ್ಟಿ, ಹಚ್ಚಿ, ಒಳಗೆ ಬಿಟ್ಟೆ. ಬಾಯಿ ದಾಟಿ ಸ್ವಲ್ಪ ಇಳಿದದ್ದೇ ತಡ, ಉರಿ ಚಿಕ್ಕದಾಯಿತು, ನೀಲಿಯಾಯಿತು, ಆರಿಹೋಯಿತು. ಟಾಮ್‌ನ ಮುಖ ಬೆಳ್ಳಗಾಗಿತ್ತು.

“ನಮ್ಮ ಕಾಕಾ ಹೀಗೆಯೇ ಹೋದ,” ಎಂದೆ. ಇಷ್ಟು ವರ್ಷದ ಮೇಲೆ, ಅಷ್ಟು ದೂರದಲ್ಲಿ, ಅಪರಿಚಿತರ ಮುಂದೆ ಕಾಕಾನಿಗಾಗಿ ಅತ್ತೆ. ಪ್ರೊಫೆಸರರು ತಮ್ಮ ಕರವಸ್ತ್ರ ಕೊಟ್ಟರು.

ಊರಲ್ಲಿ ಆ ಗಾಳಿ ಹೊರಗೆ ಹಾಕಲು ಕಂಬಳಿ ಇಳಿಬಿಟ್ಟು ಎಳೆದಾಡುತ್ತೇವೆ. ನಾನು ಸುತ್ತ ನೋಡಿದೆ. ಪ್ರೊಫೆಸರರ ಕೊಡೆ ಕೇಳಿದೆ. ಅದನ್ನು ಬಿಚ್ಚಿ ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ, ಮೇಲೆ ಕೆಳಗೆ ಎಳೆದೆವು. ಟೋಪಿಯವರೂ ಕೈ ಹಚ್ಚಿದರು. ಮತ್ತೆ ಕಂದೀಲು ಬಿಟ್ಟಾಗ ಅದು ಕೊನೆಯವರೆಗೂ ನೆಟ್ಟಗೆ ಉರಿಯಿತು. ಆಗ ನಾನೇ ಇಳಿದೆ. ಹುಟ್ಟಿದಾಗಿನಿಂದ ಹಗೇವು ನೋಡಿದ್ದರೂ ಒಳಗೆ ಇಳಿದದ್ದು ಅಂದೇ ಮೊದಲು.

ಮೊದಲ ಹಿಡಿ ಕಾಳು ಮೇಲೆ ಕಳಿಸಿದೆ. ಕಪ್ಪಗೆ, ಹೆಪ್ಪುಗಟ್ಟಿ, ಬೂಷ್ಟು ಹಿಡಿದಿತ್ತು.

“ಅಯ್ಯೋ ಪಾಪ,” ಎಂದು ಎಡಿತ್ ಬಾಯಿ ಅಂದದ್ದು ಕೇಳಿಸಿತು. ಪ್ರೊಫೆಸರರು, “ನೀವು ಪ್ರಾಮಾಣಿಕವಾಗಿ ಪ್ರಯತ್ನಿಸಿದಿರಿ,” ಎಂದರು. ಕೇಳಿ ನನಗೆ ಮೈಯೆಲ್ಲ ಉರಿಯಿತು.

“ಇದು ಮೇಲಿನ ಪದರ!” ಎಂದು ಒಳಗಿನಿಂದಲೇ ಕೂಗಿದೆ. “ನಮ್ಮೂರಲ್ಲೂ ಇದು ಕೆಡುತ್ತದೆ. ಇದನ್ನು ನಾವು ಕೆರೆದು ಬಿಸಾಡುತ್ತೇವೆ. ಸ್ವಲ್ಪ ತಡೆಯಿರಿ!”

ಸಲಿಕೆಯಿಂದ ಆ ಹೆಪ್ಪು ಒಡೆದೆ. ಬೆರಳಷ್ಟು ದಪ್ಪ ಇದ್ದೀತು. ಅದರ ಕೆಳಗೆ ಕೈ ತೂರಿಸಿದಾಗ ಬೆರಳ ಸಂದಿಯಲ್ಲಿ ಕಾಳು ಸರಸರ ಜಾರಿತು. ಒಣಗಿತ್ತು. ತಣ್ಣಗಿತ್ತು. ಬಿಳಿಯದಾಗಿತ್ತು. ಮೂಗಿಗೆ ಹಿಡಿದೆ. ಅದೇ ವಾಸನೆ, ನಮ್ಮ ಹಗೇವಿನ ಜೋಳದ ತುಸು ಹುಳಿಯ ವಾಸನೆ. ಒಂದು ಕಾಳು ಕಡಿದೆ. ಕಟ್ ಎಂದಿತು.

“ಉಳದೈತಿ! ಕಾಳು ಉಳದೈತಿ!”

ಅದು ಯಾರಿಗೂ ತಿಳಿಯದ ಭಾಷೆ. ಆದರೂ ಮೇಲೆ ಎಲ್ಲರೂ ಒಟ್ಟಿಗೆ ಕೂಗಿದರು. ಬುಟ್ಟಿ ಬುಟ್ಟಿ ಮೇಲೆ ಹೋಯಿತು. ನಾನು ಏಣಿ ಹತ್ತಿ ಬಂದಾಗ ಟಾಮ್ ಹುಲ್ಲಿನ ಮೇಲೆ ಕುಣಿಯುತ್ತಿದ್ದ. ಅವನ ಹಳೆಯ ಜನರೂ ಗೆದ್ದಿದ್ದರು. ಅವರ ತಗ್ಗು ಕಸದ ಗುಂಡಿ ಎಂದು ಇನ್ನು ಯಾರೂ ಅಷ್ಟು ಸುಲಭವಾಗಿ ಹೇಳುವಂತಿರಲಿಲ್ಲ. ಸಾಲು ಮುರಿದು ಎಲ್ಲರೂ ಬುಟ್ಟಿಗೆ ಮುತ್ತಿಕೊಂಡರು. ನಿನ್ನ ಸಾಲು ಎಲ್ಲಿ ಹೋಯಿತು ಎಂದು ಮಾರ್ಗರೆಟ್‌ಗೆ ಕೇಳಿದೆ. ಅವಳೂ ಮುಷ್ಟಿ ತುಂಬ ಜೋಳ ಹಿಡಿದು ನಿಂತಿದ್ದಳು.

ಅಂದು ಸಂಜೆ ಎಡಿತ್ ಬಾಯಿಯ ಕಾಫಿ ಬೀಸುವ ಯಂತ್ರದಲ್ಲಿ ಜೋಳ ಬೀಸಿ, ಅವಳ ಅಡಿಗೆಮನೆಯಲ್ಲಿ ರೊಟ್ಟಿ ಬಡಿದೆ. ಮೊದಲಿನವು ಹರಿದವು, ಆಮೇಲಿನವು ಉಬ್ಬಿದವು. ಪ್ರೊಫೆಸರರು ಚಾಕು, ಮುಳ್ಳುಚಮಚ ಹಿಡಿದು ಕೂತಿದ್ದರು. ಕೈಯಿಂದ ಮುರಿದು ತಿನ್ನಬೇಕೆಂದು ತೋರಿಸಿದೆ. ಶೇಂಗಾ ಹಿಂಡಿ ಹಚ್ಚಿಕೊಂಡು ಒಂದು ರೊಟ್ಟಿ ಮುಗಿಸಿ, ಬೆವರು ಒರೆಸಿಕೊಂಡು, “ಬಾರ್ಲಿಯ ಪುಸ್ತಕಗಳನ್ನು ನಾಳೆ ಗ್ರಂಥಾಲಯಕ್ಕೆ ಹಿಂದಿರುಗಿಸಿಬಿಡಿ,” ಎಂದರು. ಆಮೇಲೆ ಇನ್ನೊಂದು ರೊಟ್ಟಿ ಕೇಳಿದರು.

ಮತ್ತೆ ಬಬಲೇಶ್ವರ

ಪದವಿ ಮುಗಿಸಿ ಊರಿಗೆ ಬಂದೆ. ಬರುವಾಗ ನನ್ನ ಪೆಟ್ಟಿಗೆಯಲ್ಲಿ ಸಣ್ಣ ತಗಡಿನ ಡಬ್ಬಿ ಇತ್ತು. ಅದರಲ್ಲಿ ಆ ದಿಬ್ಬದ ಜೋಳ. ಮನೆಯಲ್ಲಿ ಕಾಲು ತೊಳೆಯುವುದಕ್ಕೂ ಮುಂಚೆ ಅದನ್ನು ಅಪ್ಪನ ಮುಂದೆ ಇಟ್ಟೆ. ಪಡಸಾಲೆಯಲ್ಲಿ ಮೊದಲಿನಂತೆ ಜನ ಕೂತಿದ್ದರು. ತಿಕೋಟಾದ ಅತ್ತೆಯೂ ಬಂದಿದ್ದಳು.

ಅಪ್ಪ ಅಂಗೈಯಲ್ಲಿ ಕಾಳು ಸುರಿದುಕೊಂಡು ಮೂಗಿಗೆ ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ. ಆಮೇಲೆ ಒಂದು ಕಾಳು ಹಲ್ಲಿನ ನಡುವೆ ಇಟ್ಟು ಕಡಿದ.

“ಮಳ್ಯಾಗ ಹಾಕಿದ್ದಾ?”

“ಮಳ್ಯಾಗ, ಹಿಮದಾಗ. ಮ್ಯಾಲ ಬೆಂಕಿ ಆರಿಸೂ ಮಂದಿ ಬ್ಯಾರೆ ನೀರು ಬಿಟ್ಟಿದ್ರು.”

“ಜ್ವಾಳ ತಿಕೋಟಾದ್ದಾ?” ಎಂದು ಅತ್ತೆ ಕೇಳಿದಳು.

“ಇಲ್ಲತ್ತಿ. ನಿನ್ನ ಜ್ವಾಳ ಬಂದರದಾಗ ಹಿಡಿದ್ರು. ಇದು ಪಾರಿವಾಳದ ಜ್ವಾಳ.”

ಅತ್ತೆ ಡಬ್ಬಿಯಿಂದ ಒಂದು ಕಾಳು ತೆಗೆದು ತಾನೂ ಕಡಿದು ನೋಡಿದಳು. ಅಪ್ಪ ಉಳಿದ ಕಾಳನ್ನು ಡಬ್ಬಿಗೆ ಹಾಕಿ, ಎದ್ದು ಒಳಗೆ ಹೋದ. ಇಷ್ಟೆಲ್ಲ ಆದ ಮೇಲೂ ಈ ಮುದುಕ ಒಪ್ಪುವುದಿಲ್ಲವೇ ಎಂದು ಸಿಟ್ಟು ಬಂತು.

ಅವ್ವ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. “ಹ್ವಾದ ವರ್ಷದ ಹಗೇವು ಇನ್ನಾ ತಗದಿಲ್ಲವ್ವ. ಎಲ್ಲಾರೂ ತಗೀರಿ ತಗೀರಿ ಅಂದ್ರು. ಮಗಳು ಬರ್ಲಿ ಅಂತ ಕುಂತಾರ ನಿಮ್ಮಪ್ಪ.”

ಅಪ್ಪ ಹೊರಗೆ ಬಂದ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಹಚ್ಚಿದ ಕಂದೀಲು. ಹಗಲ ಬೆಳಕಿನಲ್ಲಿ ಉರಿ ಕಾಣುತ್ತಲೇ ಇರಲಿಲ್ಲ. ಅಂಗಳಕ್ಕೆ ಇಳಿದು, ಆಳುಗಳಿಗೆ ಹೇಳಿ ಹಾಸುಗಲ್ಲು ತೆಗೆಸಿದ. ಅವನ ತಮ್ಮ ಹೋದ ಹಗೇವು ಅದೇ. ಜನ ರೂಢಿಯಂತೆ ಅಪ್ಪನ ಸುತ್ತ ಮುತ್ತಿದರು, ಹೆಂಗಸರು ರೂಢಿಯಂತೆ ಕಟ್ಟೆಯ ಮೇಲೆ ನಿಂತರು. ಅಪ್ಪ ಕಟ್ಟೆಯ ಕಡೆ ನೋಡಿ ನನ್ನನ್ನು ಕರೆದ. ಹಗ್ಗವನ್ನು ನನ್ನ ಕೈಗೆ ಸುತ್ತಿ, ಕಂದೀಲು ಹಿಡಿಸಿದ.

“ಎಲ್ಲಾರೂ ಹಿಂದ ಸರೀರಿ,” ಎಂದ. “ನನ್ನ ಮಗಳು ಕಂದೀಲು ಬಿಡಾಕತ್ತಾಳ. ಅಕಿ ಇಳೀರಿ ಅನ್ನೂತನಕ ಯಾರೂ ಇಳಿಯೂ ಹಂಗಿಲ್ಲ, ನಾ ಸುದ್ದಾ.”

ನಾನು ಹಗ್ಗ ಸಡಿಲಿಸಿ ಕಂದೀಲು ಒಳಗೆ ಬಿಟ್ಟೆ.